ಅರವತ್ತು ಪದ ಅಂದ್ರೆ ಎಷ್ಟು?

ಮೂರನೇ ತರಗತಿಯ ಹುಡುಗಿಯೊಬ್ಬಳು ನನ್ನ ಎದುರು ಚಾಪೆ ಮೇಲೆ ಕೂತಿದ್ದಳು. ಅವಳ ಕೈಯಲ್ಲಿ ಒಂದು ಪುಟದ ಕತೆ, ನನ್ನ ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. "ಓದು ಪುಟ್ಟಿ" ಅಂದೆ. ಮೂರನೇ ತರಗತಿಗೆ ಇಟ್ಟ ಗುರಿ ನಿಮಿಷಕ್ಕೆ 60 ಪದ. ಇವಳು ಒಂದೇ ನಿಮಿಷಕ್ಕೆ 70 ಪದ ದಾಟಿದಳು. ನನಗೆ ಖುಷಿಯೋ ಖುಷಿ. ರಿಜಿಸ್ಟರಿನಲ್ಲಿ ಟಿಕ್ ಹಾಕಿದೆ. ಆಮೇಲೆ ನೋಡಿದರೆ, ಪಕ್ಕದಲ್ಲಿ ಕೂತಿದ್ದ ಅವಳ ತಮ್ಮ ಅದೇ ಕತೆಯ ಮುಂದಿನ ಸಾಲು ಹೇಳುತ್ತಿದ್ದಾನೆ. ಅವನು ಒಂದನೇ ತರಗತಿ. ಇನ್ನೂ ಅಕ್ಷರ ಬರುತ್ತಿರಲಿಲ್ಲ.

ಅದು ಪಾಠದ ಕತೆ. ನಮ್ಮದು ಕಿರಿಯ ಪ್ರಾಥಮಿಕ ಶಾಲೆ. ನಲಿಕಲಿ, ಅಂದರೆ ಸರ್ಕಾರಿ ಶಾಲೆಗಳ ಆಡುತ್ತಾ ಕಲಿಯುವ ಪದ್ಧತಿಯ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿ ಒಟ್ಟಿಗೇ ಕೂರುತ್ತವೆ. ಒಬ್ಬರು ಗಟ್ಟಿಯಾಗಿ ಓದಿದ್ದು ಇಡೀ ಕೋಣೆಗೆ ಬಾಯಿಪಾಠ ಆಗಿರುತ್ತದೆ. ಮರುದಿನ ಅದೇ ಹುಡುಗಿಗೆ ಅವಳು ಯಾವತ್ತೂ ನೋಡಿರದ ಕತೆ ಕೊಟ್ಟೆ. 22 ಪದಕ್ಕೆ ನಿಮಿಷ ಮುಗಿಯಿತು. ಹಾಕಿದ ಟಿಕ್ ಹೊಡೆದುಹಾಕಲು ನಾಚಿಕೆಯಾಯಿತು. ಹೊಡೆದುಹಾಕಿದೆ.

ನಿಪುಣ್ ಭಾರತ್ ನಮ್ಮ ಶಾಲೆಗೆ ಬಂದ ಮೊದಲ ವರ್ಷದ ಮಾತು ಇದು. ಕೇಂದ್ರ ಶಿಕ್ಷಣ ಸಚಿವಾಲಯ 2021ರ ಜುಲೈ 5ರಂದು ಈ ಮಿಷನ್ ಶುರು ಮಾಡಿತು. ಅದಕ್ಕೂ ಹಿಂದಿನ ವರ್ಷ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯೇ ಇದರ ಬೇರು. ಎಲ್ಲಕ್ಕಿಂತ ಮೊದಲು ಓದು, ಬರಹ, ಲೆಕ್ಕ ಬರಲಿ, ಉಳಿದದ್ದು ಆಮೇಲೆ ಅಂತ ಆ ನೀತಿ ಹೇಳಿತ್ತು. 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಇವು ಬರಬೇಕು ಅನ್ನುವುದು ಗುರಿ. ಸರ್ಕಾರಿ ಕಾಗದದಲ್ಲಿ ಇದು 'ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ'. ನಾವು ಶಿಕ್ಷಕರು ಮಾತಾಡುವಾಗ ಬರೀ ಎಫ್‌ಎಲ್‌ಎನ್.

ತರಗತಿವಾರು ಗುರಿಗಳು ಒಂದು ಪುಟದಲ್ಲಿ ಮುಗಿಯುತ್ತವೆ. ಒಂದನೇ ತರಗತಿ ಮಗು ತಾನು ಮೊದಲು ನೋಡಿರದ ಪಠ್ಯದಲ್ಲಿ 4-5 ಸರಳ ಪದಗಳ ವಾಕ್ಯ ಓದಬೇಕು, 99ರವರೆಗೆ ಸಂಖ್ಯೆ ಓದಿ ಬರೆಯಬೇಕು. ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, 999ರವರೆಗೆ ಸಂಖ್ಯೆ, 99ರೊಳಗಿನ ವ್ಯವಕಲನ. ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ, ಅದೂ ಅರ್ಥ ಮಾಡಿಕೊಂಡು. ಜೊತೆಗೆ 9999ರವರೆಗೆ ಸಂಖ್ಯೆ, ಸರಳ ಗುಣಾಕಾರ.

'ಮೊದಲು ನೋಡಿರದ', 'ಅರ್ಥ ಮಾಡಿಕೊಂಡು'. ಈ ಎರಡು ಮಾತು ಕಾಗದದಲ್ಲಿ ಇದ್ದವು. ನನ್ನ ಕಣ್ಣು ಮಾತ್ರ ಸೀದಾ 60ರ ಮೇಲೆ ಹೋಗಿತ್ತು. ಅಂಕಿ ಕಂಡರೆ ನಮ್ಮವರ ಕಣ್ಣು ಬೇರೆಲ್ಲೂ ಹೋಗುವುದಿಲ್ಲ, ಅಲ್ವಾ?

ಆ 60ರ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 'ರಾಮ ಮನೆಯಿಂದ ಶಾಲೆಗೆ ಹೋಗುತ್ತಿದ್ದಾನೆ.' ಇದರಲ್ಲಿ 4 ಪದ. ಇದನ್ನೇ ಹಿಂದಿಯಲ್ಲಿ ಹೇಳಿ: 'ರಾಮ್ ಘರ್ ಸೇ ಸ್ಕೂಲ್ ಜಾ ರಹಾ ಹೈ.' 7 ಪದ. ನಮ್ಮ ಭಾಷೆಯಲ್ಲಿ 'ಇಂದ', 'ಗೆ', 'ಅಲ್ಲಿ' ಎಲ್ಲಾ ಪದಕ್ಕೇ ಅಂಟಿಕೊಳ್ಳುತ್ತವೆ. ಕ್ರಿಯಾಪದದ ಬಾಲದಲ್ಲಿ ಕಾಲ, ಲಿಂಗ, ವಚನ ಎಲ್ಲಾ ಸಾಲಾಗಿ ಕೂತಿರುತ್ತವೆ. 'ಹೋಗುತ್ತಿದ್ದಾನೆ' ಅನ್ನುವ ಒಂದು ಪದದಲ್ಲಿ ಮಗು ಎರಡು ಒತ್ತಕ್ಷರ ದಾಟಬೇಕು. ಹಿಂದಿಯ 'ಹೈ' ಕೂಡ ಒಂದು ಪದ, ನಮ್ಮ 'ಹೋಗುತ್ತಿದ್ದಾನೆ' ಕೂಡ ಒಂದು ಪದ. ಎರಡಕ್ಕೂ ಒಂದೇ ಗಡಿಯಾರ ಇಟ್ಟರೆ ಹೇಗೆ?

ಇದು ನಾನೊಬ್ಬನೇ ತೆಗೆದ ತಕರಾರಲ್ಲ. ಪಠ್ಯಪುಸ್ತಕ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 2022ರ ಮಾರ್ಚ್‌ನಲ್ಲಿ ದೇಶದ ಸುಮಾರು 10,000 ಶಾಲೆಗಳಲ್ಲಿ 86,000 ಮೂರನೇ ತರಗತಿ ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪರೀಕ್ಷಿಸಿತು. ಆ ಅಧ್ಯಯನ ನಡೆದದ್ದು 20 ಭಾಷೆಗಳಲ್ಲಿ. ಓದಿನ ವೇಗಕ್ಕೆ ಒಂದೊಂದು ಭಾಷೆಗೂ ಬೇರೆ ಬೇರೆ ಮಾನದಂಡ ಇಟ್ಟರು. ಭಾಷೆ ಬದಲಾದರೆ ಅಳತೆಯೂ ಬದಲಾಗಬೇಕು ಅಂತ ಮೇಲಿನವರೂ ಒಪ್ಪಿದ ಹಾಗಾಯಿತು. ಆದರೆ ಶಾಲೆಯ ಗೋಡೆಗೆ ಪೇಂಟ್ ಮಾಡಿಸುವ ಹೊತ್ತಿಗೆ ಉಳಿದದ್ದು 60 ಒಂದೇ.

ಹಾಗಂತ 60 ಬೇಡ ಅಂತ ನಾನು ಹೇಳುತ್ತಿಲ್ಲ. ಅಕ್ಷರ ಅಕ್ಷರ ಕೂಡಿಸಿ ಓದುವ ಮಗು ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಮೊದಲು ಏನಿತ್ತು ಅಂತ ಮರೆತಿರುತ್ತದೆ. ವೇಗ ಬೇಕೇ ಬೇಕು. ನಾವು ಮಾಡಿದ್ದು ಇಷ್ಟು: ಓದಿಸುವ ಕತೆಗಳನ್ನು ನಾವೇ ಎಣಿಸಿ ಎರಡು ಕಟ್ಟು ಮಾಡಿದೆವು. ಗಿಡ್ಡ ಪದಗಳದ್ದು ಒಂದು, ಉದ್ದ ಪದಗಳದ್ದು ಇನ್ನೊಂದು. ಮಗುವಿನ ಹೆಸರಿನ ಮುಂದೆ ಬರೀ ಅಂಕಿ ಬರೆಯದೆ ಯಾವ ಕಟ್ಟಿನ ಕತೆ ಅಂತಲೂ ಬರೆದೆವು. ಜೂನ್‌ನಲ್ಲಿ ಓದಿಸಿದ ಕಟ್ಟಿನದ್ದೇ ಇನ್ನೊಂದು ಕತೆಯನ್ನು ನವೆಂಬರ್‌ನಲ್ಲಿ ಓದಿಸಿದರೆ ಮಗು ಎಲ್ಲಿಂದ ಎಲ್ಲಿಗೆ ಬಂತು ಅಂತ ಗೊತ್ತಾಗುತ್ತದೆ. ನನಗೆ ಬೇಕಾದದ್ದು ಅದು. ಪಕ್ಕದೂರಿನ ಶಾಲೆಯವರಿಗೆ ಎಷ್ಟು ಬಂತು ಅನ್ನುವುದು ಕಟ್ಟಿಕೊಂಡು ನನಗೇನು?

ಇನ್ನು 'ಸರಳ ಪದ'. ಒಂದನೇ ತರಗತಿ ಗುರಿಯಲ್ಲಿರುವ ಈ ಎರಡು ಪದ ಕನ್ನಡ ಕಲಿಸುವವರಿಗೆ ದೊಡ್ಡ ತಲೆನೋವು. ನಲಿಕಲಿಯಲ್ಲಿ ಅಆಇಈ ಕ್ರಮ ಇಲ್ಲ. ರ, ಗ, ಸ, ದ, ಅ ಅಂತ ಶುರು. ನಾಲ್ಕೈದು ಅಕ್ಷರ ಬಂದ ಕೂಡಲೇ ಪದ ಆಗುತ್ತದೆ: ಸರ, ದರ, ಅರಸ, ಗರಗಸ. ಒಳ್ಳೆಯ ಉಪಾಯ. ಆದರೆ ಗರಗಸ ನೋಡಬೇಕಾದರೆ ನಮ್ಮ ಮಕ್ಕಳು ಬಡಗಿ ಮನೆಗೆ ಹೋಗಬೇಕು. ಅರಸ ಊರಲ್ಲಿ ಯಾರೂ ಇಲ್ಲ. ಮಗು ದಿನಾ ಬಾಯಲ್ಲಿ ಆಡುವ ಪದಗಳನ್ನು ನೋಡಿ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅನ್ನ, ಮುದ್ದೆ, ರೊಟ್ಟಿ, ಬೆಕ್ಕು, ಎಮ್ಮೆ, ಹಕ್ಕಿ, ಹಣ್ಣು. ಒಂದಾದರೂ ಒತ್ತಕ್ಷರ ಇಲ್ಲದ್ದು ಇದೆಯಾ? ಮಗುವಿಗೆ ತುಂಬಾ ಸುಲಭವಾದ ಪದವೇ ಬರವಣಿಗೆಯಲ್ಲಿ ಕಷ್ಟದ್ದು.

ನಾವು ಒತ್ತಕ್ಷರಕ್ಕೆ ಕಾಯಲಿಲ್ಲ. ಮೊದಲ ತಿಂಗಳಲ್ಲೇ ಈ ಮನೆ ಪದಗಳನ್ನು ಚೀಟಿಯಲ್ಲಿ ಬರೆದು ಚಿತ್ರದ ಜೊತೆ ಗೋಡೆಗೆ ಅಂಟಿಸಿದೆವು. ಬಿಡಿಸಿ ಕಲಿಸಲಿಲ್ಲ. ಅಮ್ಮನ ಮುಖ ಗುರುತು ಹಿಡಿಯುವ ಹಾಗೆ 'ಅಮ್ಮ' ಅನ್ನುವ ಪದವನ್ನು ಇಡಿಯಾಗಿ ಗುರುತು ಹಿಡಿದರೆ ಸಾಕು ಅಂದುಕೊಂಡೆವು. ನಲಿಕಲಿಯಲ್ಲಿ ಕಲಿಕೆಯ ಹಂತಗಳಿಗೆ ಏಣಿ ಅಂತಾರೆ; ಅದರ ಮೆಟ್ಟಿಲು ತನ್ನ ಪಾಡಿಗೆ ನಡೆಯುತ್ತಿತ್ತು. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಲೆಕ್ಕ ಹಾಕಿದರೆ 400 ರೂಪ ದಾಟುತ್ತದೆ. ಒತ್ತಕ್ಷರ ಬೇರೆ. ಇಂಗ್ಲಿಷಿನ 26 ಅಕ್ಷರದ ಲೆಕ್ಕದಲ್ಲಿ ನಮ್ಮ ಮಕ್ಕಳನ್ನು 'ಇನ್ನೂ ಅಕ್ಷರ ಬಂದಿಲ್ವಾ' ಅಂತ ಬೈಯುವುದು ಅನ್ಯಾಯ. ಕನ್ನಡದ ಮಗುವಿಗೆ ಮೂರನೇ ತರಗತಿಯಲ್ಲೂ ಕೆಲವು ಒತ್ತು ತೊಡಕಾಗುವುದು ಸಹಜ.

ಓದಿಸುವಾಗ ತಪ್ಪು ಅಂದರೆ ಯಾವುದು? ಈ ಪ್ರಶ್ನೆಗೆ ನಾನೂ ನನ್ನ ಸಹೋದ್ಯೋಗಿಯೂ ಒಂದು ಇಡೀ ಶನಿವಾರ ಜಗಳ ಆಡಿದ್ದೇವೆ. ಪುಸ್ತಕದಲ್ಲಿ 'ಹೋಗುತ್ತಾನೆ' ಅಂತಿದೆ. ಮಗು 'ಹೋಗ್ತಾನೆ' ಅಂತ ಓದುತ್ತದೆ. ನನ್ನ ಪ್ರಕಾರ ಅದು ತಪ್ಪಲ್ಲ. ಕಣ್ಣು ಕಂಡದ್ದನ್ನು ತಲೆ ಅರ್ಥ ಮಾಡಿಕೊಂಡು, ಬಾಯಿ ತನ್ನ ಮನೆ ಮಾತಿನಲ್ಲಿ ಹೇಳಿದೆ. ಇದಕ್ಕಿಂತ ಒಳ್ಳೆಯ ಓದು ಯಾವುದು? ಅದೇ ರೀತಿ ನಮ್ಮ ಕಡೆ ಮಕ್ಕಳು 'ಹಾಲು' ಇದ್ದರೆ 'ಆಲು' ಅನ್ನುತ್ತಾರೆ, 'ಹಸು' ಇದ್ದರೆ 'ಅಸು'. ಮನೆಯಲ್ಲಿ ಎಲ್ಲರೂ ಹಾಗೇ ಅನ್ನುವುದು. ಓದಿನ ಲೆಕ್ಕದಲ್ಲಿ ಇದನ್ನು ನಾವು ಹಿಡಿಯುವುದಿಲ್ಲ. ಬರೆಯುವಾಗ 'ಆಲು' ಅಂತ ಬರೆದರೆ ಆಗ ಕೂತು ಹೇಳಿಕೊಡುತ್ತೇವೆ. ಸಹೋದ್ಯೋಗಿ ಇವತ್ತಿಗೂ ಪೂರ್ತಿ ಒಪ್ಪಿಲ್ಲ. 'ಹಕಾರ ಈಗ ಬಿಟ್ಟರೆ ಯಾವತ್ತೂ ಬರಲ್ಲ ಸಾರ್' ಅಂತಾರೆ. ಇರಲಿ.

ತಾಂಡಾದಿಂದ ಬರುವ ಮಕ್ಕಳದ್ದು ಇನ್ನೊಂದು ಕತೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಒಬ್ಬ ಹುಡುಗ ಮೊಲದ ಕತೆಯನ್ನು ಒಂದೂ ತಪ್ಪಿಲ್ಲದೆ ಓದಿದ. 'ಮೊಲ ಯಾಕೆ ಓಡಿತು?' ಅಂದರೆ ಸುಮ್ನೆ ನನ್ನ ಮುಖ ನೋಡುತ್ತಾನೆ. ಅರ್ಥ ಆಗಿಲ್ಲ ಅಂತ ಬರೆಯಲು ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ಅವನ ತಾಂಡಾದವಳೇ ಆದ ದೊಡ್ಡ ಹುಡುಗಿ ಅದೇ ಪ್ರಶ್ನೆಯನ್ನು ಲಂಬಾಣಿಯಲ್ಲಿ ಕೇಳಿದಳು. ಕೈ ಬಾಯಿ ಆಡಿಸಿಕೊಂಡು ಇಡೀ ಕತೆ ಹೇಳಿಬಿಟ್ಟ. ಅವನಿಗೆ ಕತೆ ಗೊತ್ತಾಗಿತ್ತು. ಉತ್ತರಕ್ಕೆ ಕನ್ನಡ ಸಿಕ್ಕಿರಲಿಲ್ಲ ಅಷ್ಟೇ. ಆ ಹುಡುಗನಿಗೆ ಬೇಕಾದದ್ದು ಇನ್ನಷ್ಟು ಓದಿಸುವುದಲ್ಲ, ಕನ್ನಡದಲ್ಲಿ ಮಾತಾಡಿಸುವುದು. ಅಂಕಿ ಒಂದನ್ನೇ ನೋಡಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ.

ಲೆಕ್ಕದಲ್ಲಿ ಕನ್ನಡ ನಮ್ಮ ಪರವಾಗಿದೆ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಇಪ್ಪತ್ತರ ಜೊತೆಗೆ ಒಂದು, ಎರಡು, ಮೂರು ಕೂಡಿಕೊಳ್ಳುವುದು ಕಿವಿಗೇ ಕೇಳುತ್ತದೆ. ಹಿಂದಿಯಲ್ಲಿ 99ರವರೆಗೆ ಹೆಚ್ಚುಕಡಿಮೆ ಒಂದೊಂದನ್ನೂ ಬಾಯಿಪಾಠ ಮಾಡಬೇಕು. ಒಂದನೇ ತರಗತಿಯ 99ರ ಗುರಿ ನಮ್ಮಲ್ಲಿ ಅಷ್ಟೇನೂ ಕಷ್ಟ ಆಗಲಿಲ್ಲ. ಕಷ್ಟ ಬಂದದ್ದು ನೂರು ದಾಟಿದ ಮೇಲೆ. 'ನೂರ ಏಳು ಬರಿ' ಅಂದರೆ ಅರ್ಧ ತರಗತಿ ಬರೆಯುವುದು 1007. ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದಾರೆ: ಮೊದಲು ನೂರು, ಆಮೇಲೆ ಏಳು. ಇದು ದಡ್ಡತನ ಅಲ್ಲ, ತರ್ಕ ಸರಿಯಾಗೇ ಇದೆ. ಸ್ಥಾನಬೆಲೆ ಇನ್ನೂ ತಲೆಗೆ ಇಳಿದಿಲ್ಲ ಅಷ್ಟೇ.

ಹಳೆ ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿ 100 ಅಂತ ಉದ್ದ ಚೀಟಿ, 7 ಅಂತ ಗಿಡ್ಡ ಚೀಟಿ ಕತ್ತರಿಸಿದೆವು. 100ರ ಕೊನೆಯ ಸೊನ್ನೆಯ ಮೇಲೆ 7ನ್ನು ಇಟ್ಟರೆ 107. ಸೊನ್ನೆ ಕೆಳಗೆ ಅಡಗಿ ಕೂತಿದೆ, ಎಲ್ಲೂ ಹೋಗಿಲ್ಲ. ಮಗು ಚೀಟಿ ಎತ್ತಿ ನೋಡುತ್ತದೆ, ಮತ್ತೆ ಇಡುತ್ತದೆ, ಮತ್ತೆ ಎತ್ತುತ್ತದೆ. ಎರಡು ವಾರ ಇದೇ ಆಟ. 1007 ಬರೆಯುವವರು ಮೂವರಿಗೆ ಇಳಿದರು.

ವ್ಯವಕಲನದಲ್ಲಿ ಇನ್ನೂ ಮಜಾ ಇದೆ. 52ರಲ್ಲಿ 27 ಕಳೆಯಲು ಕೊಟ್ಟರೆ ಸ್ಲೇಟಿನ ಮೇಲೆ 35 ಬರುತ್ತದೆ. ಎರಡರಲ್ಲಿ ಏಳು ಹೋಗುವುದಿಲ್ಲ, ಸರಿ, ಏಳರಲ್ಲಿ ಎರಡು ಕಳೆದುಬಿಡೋಣ ಅಂತ. ಅದೇ ಹುಡುಗನಿಗೆ 'ಅಂಗಡೀಲಿ 52 ರೂಪಾಯಿ ಕೊಟ್ಟೆ, ಸಾಮಾನು 27 ಆಯ್ತು, ವಾಪಸ್ ಎಷ್ಟು?' ಅಂದೆ. '25 ಸಾ' ಅಂದ, ಕಣ್ಣು ಮಿಟುಕಿಸುವಷ್ಟರಲ್ಲಿ. ಅವನು ದಿನಾ ಸಂಜೆ ಅಂಗಡಿಗೆ ಹೋಗುವವನು. ತಲೆಯಲ್ಲಿರುವ ಲೆಕ್ಕಕ್ಕೂ ಸ್ಲೇಟಿನ ಲೆಕ್ಕಕ್ಕೂ ಪರಿಚಯವೇ ಇಲ್ಲ. ಹತ್ತರ ನೋಟು, ಒಂದು ರೂಪಾಯಿ ನಾಣ್ಯ ಇಟ್ಟುಕೊಂಡು ಇಬ್ಬರಿಗೂ ಪರಿಚಯ ಮಾಡಿಸಬೇಕಾಯಿತು. ಚಿಲ್ಲರೆ ಬೇಕು ಅಂದರೆ ಒಂದು ಹತ್ತನ್ನು ಮುರಿಸಲೇಬೇಕು. 'ದಶಕ ಪಡೆಯುವುದು' ಅಂದರೆ ಅರ್ಥವಾಗದವನಿಗೆ 'ನೋಟು ಮುರಿಸು' ಅಂದರೆ ತಕ್ಷಣ ಅರ್ಥವಾಯಿತು.

ಪೋಷಕರ ಸಭೆಯಲ್ಲಿ ಗುರಿಗಳನ್ನು ಓದಿ ಹೇಳಿದಾಗ ಒಬ್ಬ ಅಜ್ಜಿ 'ಅಂದ್ರೆ ನಮ್ ಹುಡ್ಗ ಲಗ್ನಪತ್ರಿಕೆ ಓದ್ತಾನಾ ಮೇಷ್ಟ್ರೇ?' ಅಂತ ಕೇಳಿದರು. ಎಲ್ಲರೂ ನಕ್ಕರು. ಲಗ್ನಪತ್ರಿಕೆಯಲ್ಲಿರುವಷ್ಟು ಒತ್ತಕ್ಷರ ಐದನೇ ತರಗತಿ ಪುಸ್ತಕದಲ್ಲೂ ಇರುವುದಿಲ್ಲ ಅಂತ ಹೇಳಿ ತಪ್ಪಿಸಿಕೊಂಡೆ. ಆದರೆ ಆ ಪ್ರಶ್ನೆ ಚೆನ್ನಾಗಿತ್ತು. ಎ ಪ್ಲಸ್, ಬಿ ಪ್ಲಸ್ ನೋಡಿ ಏನೂ ತಿಳಿಯದ ಮನೆಯವರಿಗೆ 'ಇಷ್ಟು ಓದಬೇಕು, ಇಷ್ಟರವರೆಗೆ ಬರೆಯಬೇಕು' ಅನ್ನುವುದು ಅರ್ಥವಾಗುತ್ತದೆ. ಮಾನದಂಡದಿಂದ ಆದ ದೊಡ್ಡ ಲಾಭ ನನ್ನ ದೃಷ್ಟಿಯಲ್ಲಿ ಇದೇ. ಅಂದಿನಿಂದ ಸಭೆಯಲ್ಲಿ ಮಾತು ಕಡಿಮೆ ಮಾಡಿ, ಮಗುವನ್ನೇ ಅಮ್ಮನ ಪಕ್ಕ ಕೂರಿಸಿ ನಾಲ್ಕು ಸಾಲು ಓದಿಸುತ್ತೇವೆ. ಬೇರೆಯವರ ಎದುರು ಅಲ್ಲ.

ಅದಕ್ಕೂ ಕಾರಣ ಇದೆ. ಅಳತೆ ಎನ್ನುವುದು ಎಷ್ಟು ಬೇಗ ಹಣೆಪಟ್ಟಿ ಆಗುತ್ತದೆ ನೋಡಿ. ನ್ಯೂಜಿಲೆಂಡ್ 2010ರಲ್ಲಿ ಓದು, ಬರಹ, ಗಣಿತಕ್ಕೆ ರಾಷ್ಟ್ರೀಯ ಮಾನದಂಡ ತಂದಿತು. ಮಕ್ಕಳನ್ನು ಮಾನದಂಡಕ್ಕಿಂತ ಮೇಲೆ, ಸಮ, ಕೆಳಗೆ, ತುಂಬಾ ಕೆಳಗೆ ಅಂತ ನಾಲ್ಕು ಗುಂಪು ಮಾಡಿ ಮನೆಗೆ ವರದಿ ಕಳಿಸುತ್ತಿದ್ದರು. ಶಿಕ್ಷಕರ ವಿರೋಧ ಜೋರಾಗೇ ಇತ್ತು. 2017ರಲ್ಲಿ ಸರ್ಕಾರ ಬದಲಾಗಿ, ಆ ವರ್ಷದ ಕೊನೆಗೆ ಅದನ್ನು ಕೈಬಿಟ್ಟರು. ಆರು ವರ್ಷದ ಮಗುವಿಗೆ 'ತುಂಬಾ ಕೆಳಗೆ' ಅಂತ ಬರೆದ ಕಾಗದ ತಂದೆಯ ಕೈಗೆ ಹೋದರೆ ಮನೆಯಲ್ಲಿ ಏನಾಗುತ್ತದೆ ಅಂತ ಯೋಚಿಸಲು ನ್ಯೂಜಿಲೆಂಡಿಗೆ ಹೋಗಬೇಕಾಗಿಲ್ಲ ಬಿಡಿ.

ನಮ್ಮಲ್ಲಿ ಒತ್ತಡ ಬೇರೆ ಕಡೆಯಿಂದ ಬರುತ್ತದೆ. ಭೇಟಿಗೆ ಬಂದ ಅಧಿಕಾರಿಯೊಬ್ಬರು ನಮ್ಮ ರಿಜಿಸ್ಟರ್ ನೋಡಿ 'ಇಷ್ಟೊಂದು ಖಾಲಿ ಯಾಕ್ರೀ?' ಅಂತ ಗದರಿದರು. ಮಕ್ಕಳಿಗೆ ಇನ್ನೂ ಬಂದಿಲ್ಲ, ಅದಕ್ಕೆ ಖಾಲಿ ಅಂದೆ. ಅವರಿಗೆ ಹಿಡಿಸಲಿಲ್ಲ. ತುಂಬಿದ ರಿಜಿಸ್ಟರ್ ಇದ್ದರೆ ಅವರ ಮೀಟಿಂಗ್ ಸಲೀಸು. ನನಗೆ ಆ ಖಾಲಿ ಜಾಗವೇ ನಾಳೆಯ ಕೆಲಸದ ಪಟ್ಟಿ.

ಮೂರನೇ ತರಗತಿ ಮುಗಿದರೂ 60 ಮುಟ್ಟದ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಮಿಷನ್‌ನ ಗಡಿ ಮೂರನೇ ತರಗತಿಗೆ ನಿಲ್ಲಬಹುದು, ಮಗು ನಾಲ್ಕಕ್ಕೆ ಹೋಗುತ್ತದೆ. ನಲಿಕಲಿಯ ಚಾಪೆ ಬಿಟ್ಟು ಬೆಂಚಿಗೆ ಹೋಗುತ್ತದೆ, ಅಲ್ಲಿ ದಪ್ಪ ಪುಸ್ತಕ ಕಾಯುತ್ತಿರುತ್ತದೆ. ಹಾಗಾಗಿ ಏಪ್ರಿಲ್ ರಜೆಗೆ ಮುಂಚೆ 200 ಪುಟದ ಒಂದು ನೋಟ್‌ಬುಕ್ಕಿನಲ್ಲಿ ಮಗುವಿಗೆ ಒಂದು ಪುಟದಂತೆ ಬರೆದು ನಾಲ್ಕನೇ ತರಗತಿಯ ಶಿಕ್ಷಕರಿಗೆ ಕೊಡುತ್ತೇನೆ. ಟಿಕ್ ಇಲ್ಲ, ಗ್ರೇಡ್ ಇಲ್ಲ. ಮೊದಲ ದಿನ ನನ್ನನ್ನು ಮೋಸಗೊಳಿಸಿದ ಆ ಹುಡುಗಿಯ ಪುಟದಲ್ಲಿ ಹೀಗಿತ್ತು: 'ಉದ್ದ ಪದದ ಕತೆ, 41. ಕ್ಕ, ಮ್ಮ, ತ್ತ ಬರುತ್ತೆ. ಸ್ತ್ರ, ಕ್ಷ ಬಂದರೆ ನಿಲ್ಲುತ್ತಾಳೆ. ನಗಿಸುವ ಕತೆ ಕೊಟ್ಟರೆ ನಿಲ್ಲದೆ ಓದುತ್ತಾಳೆ. ತಮ್ಮನನ್ನು ಪಕ್ಕದಲ್ಲಿ ಕೂರಿಸಬೇಡಿ.'