ಲೇಣ: ಬಂಡೆಯೊಳಗಿನ ಮನೆ

ಸಹ್ಯಾದ್ರಿಯ ಬೌದ್ಧ ಶಾಸನಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಾಕೃತ ಪದ ‘ಲೇಣ’. ಇದರ ಸಂಸ್ಕೃತ ರೂಪ ‘ಲಯನ’. ಅಡಗು, ನೆಲೆಸು ಎಂಬ ಅರ್ಥದ ‘ಲೀ’ ಧಾತು ಇದರ ಮೂಲ. ನಾವು ದಿನವೂ ಬಳಸುವ ಆಲಯ, ನಿಲಯಗಳು ಹುಟ್ಟಿದ್ದೂ ಅದರಿಂದಲೇ. ಮರಾಠಿಯಲ್ಲಿ ಈ ಪದ ‘ಲೇಣಿ’ಯಾಗಿ ಇಂದಿಗೂ ಬಳಕೆಯಲ್ಲಿದೆ, ನಾಸಿಕದ ಬೌದ್ಧ ಗುಹೆಗಳನ್ನು ಅಲ್ಲಿನ ಜನ, ಪಾಂಡವರಿಗೂ ಅವಕ್ಕೂ ನಂಟಿಲ್ಲದಿದ್ದರೂ, ‘ಪಾಂಡವ ಲೇಣಿ’ ಎಂದೇ ಕರೆಯುತ್ತಾರೆ.

ಕನ್ನಡದಲ್ಲಿ ಇದಕ್ಕೆ ‘ಗುಹೆ’ ಎಂದು ಬರೆದು ಮುಂದೆ ಸಾಗುವುದು ರೂಢಿ. ಆದರೆ ಭಿಕ್ಷುಗಳ ನಿಯಮಗಳನ್ನು ಹೇಳುವ ಪಾಲಿ ಗ್ರಂಥ ವಿನಯಪಿಟಕದ ಚುಲ್ಲವಗ್ಗ ಭಾಗದಲ್ಲಿ ಬುದ್ಧನು ಭಿಕ್ಷುಗಳಿಗೆ ಐದು ಬಗೆಯ ಲೇಣಗಳನ್ನು ಅನುಮತಿಸುತ್ತಾನೆ: ವಿಹಾರ (ಭಿಕ್ಷುಗಳ ವಸತಿ), ಅಡ್ಢಯೋಗ, ಪಾಸಾದ, ಹಮ್ಮಿಯ, ಗುಹಾ. ಮೊದಲ ನಾಲ್ಕೂ ಕಟ್ಟಿದ ಮನೆಗಳ ಬಗೆಗಳು. ಗುಹೆ ಐದರಲ್ಲೊಂದು, ಅದೂ ಕೊನೆಯದು. ಲೇಣವೆಂದರೆ ಮೂಲತಃ ಮಳೆಬಿಸಿಲಿನಿಂದ ಕಾಯುವ ವಾಸದ ನೆಲೆ. ಘಟ್ಟದ ಕಲ್ಲಿನಲ್ಲಿ ಅಂಥ ನೆಲೆಗಳನ್ನು ಕೊರೆಯತೊಡಗಿದ ಮೇಲೆ ಪದಕ್ಕೆ ಬಂಡೆಯ ಅರ್ಥ ಅಂಟಿಕೊಂಡಿತು. ನಡುವೆ ಚೌಕದ ಅಂಗಣ, ಸುತ್ತ ಕಲ್ಲುಹಾಸಿಗೆಯ ಪುಟ್ಟ ಕೋಣೆಗಳು, ಹೊರಗೆ ಶಾಸನಗಳು ‘ಪೋಢಿ’ ಎನ್ನುವ ನೀರಿನ ತೊಟ್ಟಿ: ಇದು ಮನೆಯ ವಿನ್ಯಾಸವೇ. ಪದ್ಮಪಾಣಿ ಬೋಧಿಸತ್ವನ ಚಿತ್ರದಿಂದ ಹೆಸರಾದ ಅಜಂತೆಯ 1ನೆಯ ಗುಹೆಯೂ ವಿಹಾರವೇ ಆದ್ದರಿಂದ, ನಾವು ಚಿತ್ರಶಾಲೆಯೆಂಬಂತೆ ನೋಡುವ ಆ ಗೋಡೆಗಳು ವಾಸ್ತವವಾಗಿ ಭಿಕ್ಷುಗಳ ಮನೆಯ ಗೋಡೆಗಳು.

ಇಂಥ ಮನೆಗಳು ಏಕಾಂತದ ಕಾಡಿನಲ್ಲಿ ಹುಟ್ಟಲಿಲ್ಲ. ಕೊಂಕಣದ ಬಂದರುಗಳಿಂದ ನಾಣೇಘಾಟ್, ಭೋರ್‌ಘಾಟ್‌ಗಳನ್ನು ಹತ್ತಿ ಪೈಠಣದಂಥ ಒಳನಾಡಿನ ಪಟ್ಟಣಗಳತ್ತ ಸಾಗುತ್ತಿದ್ದ ವ್ಯಾಪಾರದ ದಾರಿಗಳ ಆಸುಪಾಸಿನಲ್ಲೇ ಜುನ್ನರ್, ಕಾರ್ಲೆ, ಭಾಜೆಗಳ ಲೇಣಗಳಿವೆ. ಲೇಣವನ್ನು ಕೊರೆಸಿದರೆ ಸಾಲದು, ನಡೆಸಬೇಕು. ಅದರ ಲೆಕ್ಕ ನಾಸಿಕದ 10ನೆಯ ಗುಹೆಯ ಶಾಸನದಲ್ಲಿದೆ. ಕ್ಷತ್ರಪ ಅರಸ ನಹಪಾನನ ಅಳಿಯ ಉಷವದಾತನು, ಶಾಸನದ ಎಣಿಕೆಯ 42ನೆಯ ವರ್ಷದಲ್ಲಿ, ಆ ಲೇಣವನ್ನು ‘ನಾಲ್ಕು ದಿಕ್ಕಿನ ಸಂಘ’ಕ್ಕೆ, ಅಂದರೆ ಎಲ್ಲೆಡೆಯ ಭಿಕ್ಷುಗಳ ಸಮುದಾಯಕ್ಕೆ, ಒಪ್ಪಿಸಿ 3000 ಕಹಾಪಣ ನಾಣ್ಯಗಳ ಶಾಶ್ವತ ನಿಧಿಯಿಟ್ಟ. ಅದರಲ್ಲಿ 2000 ನಾಣ್ಯಗಳು ನಾಸಿಕದ ಬಳಿಯ ಗೋವರ್ಧನದ ನೇಕಾರರ ಶ್ರೇಣಿಯೊಂದರಲ್ಲಿ, ಅಂದರೆ ವೃತ್ತಿಸಂಘವೊಂದರಲ್ಲಿ, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿಗೆ ಕೂತವು. ವರ್ಷಕ್ಕೆ 240 ಆಯಿತು. ಮಳೆಗಾಲವನ್ನು ಅಲ್ಲಿ ಕಳೆದ 20 ಭಿಕ್ಷುಗಳಿಗೆ ತಲಾ 12, ಚೀವರದ, ಅಂದರೆ ಭಿಕ್ಷುಗಳ ಉಡುಪಿನ, ಖರ್ಚಿಗೆ. ಸಾಲ ಪಡೆದವರು ಬಟ್ಟೆ ನೇಯುವವರು, ಬಡ್ಡಿ ಹೋಗುವುದೂ ಬಟ್ಟೆಗೇ ಎಂಬುದು ಸೊಗಸಾದ ಹೊಂದಿಕೆ.

ಪದದ ಎಲ್ಲೆಯನ್ನು ಕಾರ್ಲೆಯ ಮಹಾಚೈತ್ಯ, ಅಂದರೆ ಸ್ತೂಪವಿರುವ ದೊಡ್ಡ ಪೂಜಾಮಂದಿರ, ತೋರಿಸುತ್ತದೆ. ಅದನ್ನು ಮುಗಿಸಿದವನು ‘ವೇಜಯಂತಿ’ಯ ಸೆಟ್ಠಿ ಭೂತಪಾಲ, ವೇಜಯಂತಿಯೆಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ, ಸೆಟ್ಠಿ ನಮ್ಮ ಶೆಟ್ಟಿಯೇ. ಜಂಬೂದ್ವೀಪದಲ್ಲೇ ಉತ್ತಮವಾದದ್ದು ಎಂದು ಬೀಗುವ ಅವನ ಶಾಸನ ಅದನ್ನು ‘ಸೇಲಘರ’, ಅಂದರೆ ಶಿಲೆಯ ಮನೆ, ಎನ್ನುತ್ತದೆಯೇ ಹೊರತು ಲೇಣ ಎನ್ನುವುದಿಲ್ಲ. ಅಲ್ಲಿರುವುದು ಸ್ತೂಪ, ಭಿಕ್ಷುಗಳು ಮಲಗುತ್ತಿದ್ದದ್ದು ಪಕ್ಕದ ವಿಹಾರಗಳಲ್ಲಿ.