ಬಾಡಿಗೆ ಹಿಟಾಚಿಯಿಂದ ಪೆಟ್ಟಾದರೆ ಹೊಣೆ ಯಾರದು?

ಶಿರಸಿ–ಕುಮಟಾ ರಸ್ತೆ ಅಗಲ ಮಾಡುವ ಕೆಲಸ ಅಂತ ಇಟ್ಟುಕೊಳ್ಳೋಣ. ಕಾಂಟ್ರಾಕ್ಟರ್ ಅಂಕೋಲಾದ ಮಾಲೀಕನಿಂದ ಗಂಟೆ ಲೆಕ್ಕದಲ್ಲಿ ಹಿಟಾಚಿ ತರಿಸಿದ್ದಾನೆ. ಆಪರೇಟರ್ ಜೊತೆಗೇ ಬಂದಿದ್ದಾನೆ, ಸಂಬಳ ಕೊಡುವವನು ಮಾಲೀಕ. ದೇವಿಮನೆ ಘಾಟಿಯಲ್ಲಿ ಗುಡ್ಡ ಕಡಿಯುವಾಗ ಆಪರೇಟರ್ ಹಿಂದೆ ಮುಂದೆ ನೋಡದೆ ಬಕೆಟ್ ತಿರುಗಿಸಿದ, ಕೂಲಿಯವನ ಕಾಲು ಮುರಿಯಿತು.

ನೌಕರನ ತಪ್ಪಿಗೆ ಧಣಿ ಹೊಣೆ ಅನ್ನುವುದು ಗೊತ್ತೇ ಇದೆ. ಆದರೆ ಆ ಹೊತ್ತಿಗೆ ಆಪರೇಟರ್‌ನ ಧಣಿ ಯಾರು? ತಲೆ ಕೆಡುವುದು ಇಲ್ಲೇ.

ಇದಕ್ಕೆ ದಾರಿ ತೋರಿಸುವುದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ (ಆಗಿನ ಅತ್ಯುನ್ನತ ನ್ಯಾಯಾಲಯ) ಕೊಟ್ಟ 1946ರ ಮರ್ಸಿ ಡಾಕ್ಸ್ ತೀರ್ಪು. ಲಿವರ್‌ಪೂಲ್ ಬಂದರು ಮಂಡಳಿ ಕ್ರೇನನ್ನು ಚಾಲಕನ ಸಮೇತ ಬಾಡಿಗೆಗೆ ಕೊಟ್ಟಿತ್ತು. ಚಾಲಕನ ಅಜಾಗ್ರತೆಯಿಂದ ಒಬ್ಬನಿಗೆ ಪೆಟ್ಟಾಯಿತು. ಚಾಲಕ ಬಾಡಿಗೆ ಪಡೆದವರ ನೌಕರ ಅಂತ ಕರಾರಿನಲ್ಲೇ ಬರೆದಿತ್ತು. ಆದರೂ ಹೊಣೆ ಮಂಡಳಿಯ ಮೇಲೇ ಬಂತು. ಯಾವ ಸರಕು ಎತ್ತಬೇಕು ಅಂತ ಹೇಳುವುದು ಬಾಡಿಗೆದಾರ. ಕ್ರೇನನ್ನು ಹೇಗೆ ನಡೆಸಬೇಕು ಅಂತ ಹೇಳುವ ಅಧಿಕಾರ ಅವನಿಗಿರಲಿಲ್ಲ. ಹೊಣೆ ದಾಟಿಹೋಗಿದೆ ಅಂತ ತೋರಿಸುವ ಭಾರವೂ ಮೂಲ ಧಣಿಯದ್ದೇ, ಅದು ಸಣ್ಣ ಭಾರವಲ್ಲ.

ನಾನು ನೆನಪಿಟ್ಟುಕೊಳ್ಳುವುದು ಹೀಗೆ: "ಏನು ಮಾಡು" ಅನ್ನುವವನನ್ನು ಬಿಡಿ, "ಹೇಗೆ ಮಾಡು" ಅನ್ನಬಲ್ಲವನನ್ನು ಹುಡುಕಿ. "ಈ ದಿಬ್ಬ ತೆಗಿ" ಅಂತ ಕಾಂಟ್ರಾಕ್ಟರ್ ಹೇಳಬಹುದು. ಲಿವರ್ ಎಷ್ಟು ಎಳೆಯಬೇಕು ಅಂತ ಹೇಳುತ್ತಾನಾ? ಇಲ್ಲ ಅಲ್ವಾ? ಹಾಗಾದರೆ ಹೊಣೆ ಮಾಲೀಕನದ್ದು. ಕರಾರಿನ ಮಾತು ಅವರಿಬ್ಬರ ನಡುವೆ ಹಣ ವಸೂಲಿಗೆ ಆಗುತ್ತದೆ, ಪೆಟ್ಟಾದವನನ್ನು ಕಟ್ಟಿಹಾಕುವುದಿಲ್ಲ. ಬಕೆಟ್ ತಿರುಗುವ ಜಾಗದಲ್ಲೇ ಕೂಲಿಯವನನ್ನು ನಿಲ್ಲಿಸಿದ್ದು ಕಾಂಟ್ರಾಕ್ಟರ್ ಆದರೆ ಅದು ಅವನ ಸ್ವಂತ ತಪ್ಪು. ಆಗ ಇಬ್ಬರೂ ಸಿಗುತ್ತಾರೆ.

ಈಗ ಕಥೆ ತಿರುಗಿಸಿ. ಹಿಟಾಚಿ ಮಗುಚಿ ಆಪರೇಟರ್‌ಗೇ ಪೆಟ್ಟಾಯಿತು. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ (ಈಗ ಅದರ ಜಾಗಕ್ಕೆ ಹೊಸ ಕಾನೂನು ಬಂದಿದೆ, ಕೊನೆಯಲ್ಲಿ ನೋಡಿ) "ಉದ್ಯೋಗದಾತ" ಯಾರು ಅಂತ ಹೇಳುವ ಕಡೆ ಒಂದು ಸಾಲಿದೆ: ನೌಕರನನ್ನು ತಾತ್ಕಾಲಿಕವಾಗಿ ಬೇರೆಯವರಿಗೆ ಬಾಡಿಗೆಗೆ ಕೊಟ್ಟರೆ, ಅಲ್ಲಿ ಕೆಲಸ ಮಾಡುವಷ್ಟು ಹೊತ್ತು ಆ ಬೇರೆಯವರೇ ಉದ್ಯೋಗದಾತರು. ಅಂದರೆ ಪರಿಹಾರ ಕೊಡಬೇಕಾದವನು ಕಾಂಟ್ರಾಕ್ಟರ್! ಅದೇ ಆಪರೇಟರ್, ಅದೇ ಬಾಡಿಗೆ, ಉತ್ತರ ಮಾತ್ರ ಉಲ್ಟಾ. ಅದಕ್ಕೇ ಇಂಥ ಪ್ರಶ್ನೆ ಎದುರಾದಾಗ ಮೊದಲು ನೋಡಿ: ಆಪರೇಟರ್ ಪೆಟ್ಟು ಮಾಡಿದವನೋ, ಪೆಟ್ಟು ತಿಂದವನೋ?

ಈ ಕಾಯ್ದೆಯಲ್ಲಿ ಯಾರ ತಪ್ಪು ಅಂತ ಸಾಬೀತು ಮಾಡಬೇಕಿಲ್ಲ. ಬಡ ಕೂಲಿಯವರಿಗೆ ಇದು ನಿಜಕ್ಕೂ ದೊಡ್ಡ ಆಸರೆ. ಕೂಲಿಯವನು ಉಪಗುತ್ತಿಗೆ ಪಡೆದ ಮೇಸ್ತ್ರಿಯ ಕಡೆಯವನಾದರೆ 12ನೇ ಕಲಂ ನೋಡಿ. ಮೂಲ ಕಾಂಟ್ರಾಕ್ಟರ್‌ನಿಂದಲೇ ಪರಿಹಾರ ಕೇಳಬಹುದು, ಅವನು ಆಮೇಲೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಲಿ. ಆದರೆ ಆ ಕೆಲಸ ಅದನ್ನು ಮಾಡಿಸುವವನ ವ್ಯವಹಾರದ ಭಾಗವಾಗಿರಬೇಕು. ಮನೆಯಂಗಳ ಸಮ ಮಾಡಿಸಲು ಜೆಸಿಬಿ ಕರೆದವರಿಗೆ ಇದು ತಾಗುವುದಿಲ್ಲ.

ಲೆಕ್ಕ ಸುಲಭ. ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಗುಣಕದಿಂದ (ಒಂದೊಂದು ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿ ಕೊಟ್ಟ ಸಂಖ್ಯೆಯಿಂದ) ಗುಣಿಸಿ. 2020ರಿಂದ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000 ರೂಪಾಯಿ. 30 ವರ್ಷದವರಿಗೆ ಗುಣಕ 207.98. ಹಾಗಾಗಿ 7,500 × 207.98 = 15,59,850 ರೂಪಾಯಿ.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕಲಂ ಸಂಖ್ಯೆಗಳು ಬೇರೆ. ನಮ್ಮ ಕಾನೂನು ಪುಸ್ತಕಗಳಲ್ಲಿ ಇನ್ನೂ ಹಳೆಯವೇ ಇರುವುದರಿಂದ ಇಲ್ಲಿ ಅವನ್ನೇ ಬರೆದಿದ್ದೇನೆ.