ಲೈಂಗಿಕ ಒಲವು: ಆರಿಸಿಕೊಂಡದ್ದೋ, ಅರಿತುಕೊಂಡದ್ದೋ?

ಮನಃಶಾಸ್ತ್ರದ ಪತ್ರಿಕೆಯಲ್ಲಿ ಇದು ಹತ್ತು ಅಂಕದ ಪ್ರಶ್ನೆ. ನಮ್ಮಲ್ಲಿ ಬಹಳ ಮಂದಿ ಮುಂದೆ ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ಶಿಕ್ಷಕರು, ಆಪ್ತಸಮಾಲೋಚಕರು ಆಗುವವರು. ಅಲ್ಲಿ ಒಬ್ಬ ತಾಯಿ ಬಂದು, "ನಮ್ಮ ಹುಡುಗ ಬೇಕಂತ ಹಿಂಗ ಮಾಡ್ಲಿಕತ್ತಾನೇನ್ರಿ ಮೇಡಂ, ಏನು ಹುಟ್ಟಿದಾಗಿಂದ್ಲೇ ಹಿಂಗೋ?" ಎಂದು ಇದನ್ನೇ ಕೇಳುತ್ತಾಳೆ. ಆಕೆಗೆ ಅರ್ಧಂಬರ್ಧ ಉತ್ತರ ಕೊಟ್ಟರೆ ಒಂದು ಮನೆಯೇ ಹಾಳಾದೀತು. ಅದಕ್ಕೇ ಅವಳಿಗಳ ಭಾಗವನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಬರೆದಿದ್ದೇನೆ. ಉಳಿದದ್ದು ಪುಸ್ತಕದಲ್ಲೇ ಸರಳವಾಗಿದೆ.

ಮೊದಲು ಮೂರನ್ನು ಬೇರೆ ಮಾಡಿಕೊಳ್ಳಿ

ಸೆಳೆತ, ನಡೆ, ಹೆಸರು. ಯಾರ ಕಡೆಗೆ ಮನಸ್ಸು ಮತ್ತು ಮೈ ತಾವಾಗಿ ವಾಲುತ್ತವೋ ಅದು ಸೆಳೆತ. ಆ ಸೆಳೆತ ಇಟ್ಟುಕೊಂಡು ಮನುಷ್ಯ ಏನು ಮಾಡುತ್ತಾನೆ, ಏನು ಮಾಡದೆ ತಡೆದುಕೊಳ್ಳುತ್ತಾನೆ ಎಂಬುದು ನಡೆ. ತನ್ನನ್ನು ಸಲಿಂಗಿ, ದ್ವಿಲಿಂಗಿ ಎಂದು ಕರೆದುಕೊಳ್ಳುವುದು, ಯಾರಿಗೆ ಹೇಳುವುದು, ಯಾರಿಂದ ಮುಚ್ಚಿಡುವುದು ಹೆಸರಿಗೆ ಸೇರಿದ್ದು. ನಡೆಯಲ್ಲೂ ಹೆಸರಿನಲ್ಲೂ ಆಯ್ಕೆ ಇದೆ. ಸೆಳೆತದಲ್ಲಿ ಇಲ್ಲ. ದ್ವಿಲಿಂಗಿಯೊಬ್ಬರು ಗಂಡಿನ ಜೊತೆ ಬಾಳಬೇಕೋ ಹೆಣ್ಣಿನ ಜೊತೆಗೋ ಎಂದು ನಿರ್ಧರಿಸಬಹುದು. ಆದರೆ ಇಬ್ಬರ ಕಡೆಗೂ ಮನಸ್ಸು ಹೋಗುತ್ತದೆ ಎನ್ನುವುದು ಅವರು ನಿರ್ಧರಿಸಿದ್ದಲ್ಲ.

ಅಮೆರಿಕದ ಲೈಂಗಿಕತೆಯ ಸಂಶೋಧಕ ಕಿನ್ಸಿ 1948ರಲ್ಲಿ ಕೊಟ್ಟ 0ಯಿಂದ 6ರವರೆಗಿನ ಮಾಪನವನ್ನು ಇಲ್ಲೇ ಬರೆಯಿರಿ. 0 ಎಂದರೆ ಪೂರ್ತಿ ಭಿನ್ನಲಿಂಗದ ಕಡೆಗೆ, 6 ಎಂದರೆ ಪೂರ್ತಿ ಸಲಿಂಗದ ಕಡೆಗೆ. ನಡುವಿನ ಮೆಟ್ಟಿಲುಗಳಲ್ಲೂ ಜನ ಇದ್ದಾರೆ.

ನಮ್ಮ ಕಡೆ ಸೇರಿಕೊಳ್ಳುವ ಇನ್ನೊಂದು ಗೊಂದಲ ಸವದತ್ತಿ ಯಲ್ಲಮ್ಮನ ಗುಡ್ಡದ ಜೋಗಪ್ಪಂದಿರದ್ದು, ಅಂದರೆ ಗಂಡಾಗಿ ಹುಟ್ಟಿ ದೇವಿಯ ಸೇವೆಗೆ ನಿಂತು ಹೆಣ್ಣಿನ ಉಡುಗೆಯಲ್ಲಿ ಬಾಳುವವರದ್ದು. ಈ ಪಾಠ ಶುರುವಾದ ಕೂಡಲೇ ತರಗತಿಯಲ್ಲಿ ಅವರ ಮಾತು ಬರುತ್ತದೆ. ಜೋಗಪ್ಪಂದಿರ ವಿಷಯ ಮುಖ್ಯವಾಗಿ "ನಾನು ಗಂಡೋ ಹೆಣ್ಣೋ" ಎಂಬ ಲಿಂಗ ಅಸ್ಮಿತೆಗೆ ಸೇರಿದ್ದು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರನ್ನು ಉದಾಹರಿಸುವುದಾದರೆ ಆ ಪಾಠದಲ್ಲಿ ಉದಾಹರಿಸಿ. ಲೈಂಗಿಕ ಒಲವು ಕೇಳುವುದು "ನನಗೆ ಯಾರ ಮೇಲೆ ಮನಸ್ಸು" ಎಂದು. ಎರಡನ್ನೂ ಒಂದೇ ಉತ್ತರದಲ್ಲಿ ಕಲಸಬೇಡಿ.

ಅವಳಿಗಳ ಲೆಕ್ಕ

1991ರಲ್ಲಿ ಬೈಲಿ ಮತ್ತು ಪಿಲ್ಲಾರ್ಡ್ ಸಲಿಂಗಿ ಗಂಡಸರ ಅಣ್ಣತಮ್ಮಂದಿರನ್ನು ಅಧ್ಯಯನ ಮಾಡಿದರು. ಏಕಾಂಡ (ಒಂದೇ ಅಂಡದಿಂದ ಬಂದ, ಜೀನ್ ಎಲ್ಲಾ ಒಂದೇ ಇರುವ) ಅವಳಿಗಳಲ್ಲಿ ಶೇ. 52, ದ್ವಿಅಂಡ (ಎರಡು ಅಂಡದಿಂದ ಬಂದ, ಸುಮಾರು ಅರ್ಧ ಜೀನ್ ಹಂಚಿಕೊಂಡ) ಅವಳಿಗಳಲ್ಲಿ ಶೇ. 22, ದತ್ತು ಸಹೋದರರಲ್ಲಿ ಶೇ. 11 ಮಂದಿ ಸಲಿಂಗಿಗಳೋ ದ್ವಿಲಿಂಗಿಗಳೋ ಆಗಿದ್ದರು. ಜೀನ್ ಹಂಚಿಕೆ ಹೆಚ್ಚಿದಂತೆ ಹೋಲಿಕೆಯೂ ಹೆಚ್ಚಿತು. ಆದರೆ ಅವರು ಜನರನ್ನು ಹುಡುಕಿದ್ದು ಜಾಹೀರಾತು ಕೊಟ್ಟು. ತನ್ನಂತೆಯೇ ಇರುವ ಅವಳಿ ಸಹೋದರ ಇದ್ದವನೇ ಮುಂದೆ ಬರುವ ಸಂಭವ ಹೆಚ್ಚು. 2000ದಲ್ಲಿ ಬೈಲಿ, ಡನ್ ಮತ್ತು ಮಾರ್ಟಿನ್ ಆಸ್ಟ್ರೇಲಿಯಾದ ಅವಳಿ ನೋಂದಣಿಯಿಂದ ಜನರನ್ನು ತೆಗೆದುಕೊಂಡಾಗ ಏಕಾಂಡ ಗಂಡಸರಲ್ಲಿ ಆ 52 ಇಳಿದು 20ಕ್ಕೆ ಬಂತು.

ಇಲ್ಲಿಂದಲೇ ತಪ್ಪು ದಾರಿ ಹಿಡಿಯುವುದು. "ಜೀನ್ ಎಲ್ಲಾ ಒಂದೇ ಇದ್ದೂ ಅರ್ಧಕ್ಕಿಂತ ಹೆಚ್ಚು ಅವಳಿಗಳು ಬೇರೆ ಬೇರೆ ಆದರು. ಅಂದರೆ ಜೀನ್ ಕಾರಣ ಅಲ್ಲ. ಜೀನ್ ಅಲ್ಲದಿದ್ದರೆ ಆಯ್ಕೆಯೇ" ಎಂದು ಓದುವವರು ಬಹಳ. ನನಗೂ ಈ ಕೊನೆಯ ಜಿಗಿತ ಬಿಡಿಸಲು ಬಹಳ ಹೊತ್ತು ಹಿಡಿಯಿತು. ಹಂತ ಹಂತವಾಗಿ ನೋಡೋಣ.

ಮೊದಲು ಅನುವಂಶೀಯತಾ ಪ್ರಮಾಣ ಅಂದರೆ ಏನು? ಜನರ ನಡುವಿನ ವ್ಯತ್ಯಾಸದಲ್ಲಿ ಜೀನಿನ ಪಾಲು ಎಷ್ಟು ಎಂಬ ಅಳತೆ. ಡೋಣಿ ಹೊಳೆ ದಂಡೆಯ ಎರೆ ಹೊಲ ಕಣ್ಮುಂದೆ ತಂದುಕೊಳ್ಳಿ. ತಗ್ಗುದಿನ್ನೆ ಇಲ್ಲದ ಒಂದೇ ಹದದ ಹೊಲದಲ್ಲಿ ಬೇರೆ ಬೇರೆ ತಳಿಯ ಜೋಳದ ಬೀಜ ಕಲಸಿ ಬಿತ್ತಿದರೆ, ಗಿಡಗಳ ಎತ್ತರದಲ್ಲಿ ಕಾಣುವ ವ್ಯತ್ಯಾಸ ಬೀಜದ್ದು. ಬರೀ ಮಾಲದಂಡಿ ತಳಿಯನ್ನು ಒಂದು ಕಡೆ ಎರೆ, ಇನ್ನೊಂದು ಕಡೆ ಮಸಾರಿ ಇರುವ ಹೊಲದಲ್ಲಿ ಬಿತ್ತಿದರೆ ವ್ಯತ್ಯಾಸ ಹೆಚ್ಚುಕಡಿಮೆ ಮಣ್ಣಿನದ್ದು. ಎರಡೂ ಸಲ ನಾವು ಅಳೆದದ್ದು ಗಿಡಗಿಡಗಳ ನಡುವಿನ ವ್ಯತ್ಯಾಸವನ್ನು. ಬದುವಿನ ಹತ್ತಿರದ ಒಂದೇ ಗಿಡ ಹಿಡಿದು "ಇದರ ಎತ್ತರದಲ್ಲಿ ಬೀಜದ್ದು ಎಷ್ಟು, ಮಣ್ಣಿನದ್ದು ಎಷ್ಟು" ಎಂದು ಕೇಳಿದರೆ ಉತ್ತರವೇ ಇಲ್ಲ. ಆದ್ದರಿಂದ "ಒಲವಿನಲ್ಲಿ ಜೀನಿನ ಪಾಲು ಶೇ. 35" ಎಂದರೆ ಒಬ್ಬ ವ್ಯಕ್ತಿ ಶೇ. 35 ಹುಟ್ಟಿನಿಂದ, ಶೇ. 65 ಸ್ವಂತ ಇಚ್ಛೆಯಿಂದ ಸಲಿಂಗಿ ಆದ ಎಂದು ಅರ್ಥವಲ್ಲ. ಆ ಸಂಖ್ಯೆ ಜನಸಮೂಹಕ್ಕೆ ಸೇರಿದ್ದು.

ಎರಡನೆಯ ಹಂತಕ್ಕೆ ನನಗೆ ಬಹಳ ಇಷ್ಟವಾದ ಸುಲಭ ಲೆಕ್ಕ ಇದೆ. ಇದನ್ನು ಕಲಿತರೆ ಯಾವ ಅವಳಿ ಅಧ್ಯಯನ ಕೊಟ್ಟರೂ ಬಿಡಿಸಬಹುದು. ಅಭ್ಯಾಸಕ್ಕೆಂದು ಏಕಾಂಡ ಅವಳಿಗಳ ಸಹಸಂಬಂಧ (ಜೋಡಿಯ ಇಬ್ಬರು ಎಷ್ಟು ಹೋಲುತ್ತಾರೆ ಎಂಬ ಅಳತೆ) 0.40, ದ್ವಿಅಂಡದವರದ್ದು 0.20 ಎಂದಿಟ್ಟುಕೊಳ್ಳಿ. ಎರಡರ ಅಂತರವನ್ನು ದುಪ್ಪಟ್ಟು ಮಾಡಿದರೆ ಜೀನಿನ ಪಾಲು: 0.20ರ ದುಪ್ಪಟ್ಟು 0.40. ಏಕಾಂಡದ ಸಂಖ್ಯೆಯಿಂದ ಜೀನಿನ ಪಾಲು ಕಳೆದರೆ ಇಬ್ಬರೂ ಹಂಚಿಕೊಂಡ ಪರಿಸರದ ಪಾಲು: 0.40ರಲ್ಲಿ 0.40 ಹೋದರೆ ಸೊನ್ನೆ. 1ರಿಂದ ಏಕಾಂಡದ ಸಂಖ್ಯೆ ಕಳೆದರೆ ಹಂಚಿಕೊಳ್ಳದ ಪಾಲು: 0.60. ಒಂದು ಎಚ್ಚರಿಕೆ: ಮೇಲಿನ 52, 22 ಎಂಬ ಶೇಕಡಾ ಸಂಖ್ಯೆಗಳು ಸಹಸಂಬಂಧವಲ್ಲ, ಅವನ್ನು ನೇರವಾಗಿ ಈ ಲೆಕ್ಕಕ್ಕೆ ಹಾಕುವಂತಿಲ್ಲ.

ಈಗ 2010ರ ಸ್ವೀಡನ್ ಅಧ್ಯಯನ ನೋಡಿ. ಗಂಡಸರಲ್ಲಿ ಜೀನಿನ ಪಾಲು ಶೇ. 34ರಿಂದ 39, ಹಂಚಿಕೊಂಡ ಪರಿಸರ 0, ಹಂಚಿಕೊಳ್ಳದ ಪಾಲು ಶೇ. 61ರಿಂದ 66. ಹೆಂಗಸರಲ್ಲಿ ಇವು ಕ್ರಮವಾಗಿ 18ರಿಂದ 19, 16ರಿಂದ 17, 64ರಿಂದ 66. ಗಂಡಸರ ಸಾಲಿನ ಆ ಸೊನ್ನೆಗೆ ಅಡಿಗೆರೆ ಹಾಕಿ. ಅಪ್ಪ ಕಟ್ಟುನಿಟ್ಟು ಇರಲಿಲ್ಲ, ಅವ್ವ ಬಹಳ ಮುದ್ದು ಮಾಡಿದಳು, ಮನೆಯ ಸಂಸ್ಕಾರ ಸರಿ ಇರಲಿಲ್ಲ ಎಂದೆಲ್ಲ ತಾಯ್ತಂದೆಯರ ಮೇಲೆ ಹೊರಿಸುವ ಆರೋಪ ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಮೂರನೆಯ ಹಂತವೇ ನಿಜವಾದ ಗಂಟು. ಹಂಚಿಕೊಳ್ಳದ ಆ ಶೇ. 60ರಷ್ಟರಲ್ಲಿ ಏನಿದೆ? ಓದಿದ ಕೂಡಲೇ ನಮ್ಮ ತಲೆಗೆ ಬರುವುದು ಹಾಸ್ಟೆಲ್, ಮೊಬೈಲ್, ಗೆಳೆಯರ ಸಹವಾಸ. ಆದರೆ ಅದು ಕಳೆದು ಉಳಿದ ಸಂಖ್ಯೆ ಅಷ್ಟೇ, ಯಾರೂ ನೇರವಾಗಿ ಅಳೆದದ್ದಲ್ಲ. ಒಂದೇ ಗರ್ಭದಲ್ಲಿದ್ದರೂ ಅವಳಿಗಳಿಗೆ ಸಿಗುವ ರಕ್ತ ಒಂದೇ ಸಮನಲ್ಲ. ಮಾಸು ಬೇರೆ ಬೇರೆ ಇರಬಹುದು. ಮಿದುಳು ಬೆಳೆಯುವಾಗ ಆಗುವ ಆಕಸ್ಮಿಕ ವ್ಯತ್ಯಾಸ, ಹಾರ್ಮೋನಿನ ಪ್ರಭಾವ, ಜೀನ್ ತೆರೆದುಕೊಳ್ಳುವ ರೀತಿ, ಕೊನೆಗೆ ಪ್ರಶ್ನಾವಳಿಗೆ ಜನ ಸರಿಯಾಗಿ ಉತ್ತರಿಸದೆ ಆದ ಅಳತೆಯ ದೋಷವೂ ಅದೇ ಚೀಲಕ್ಕೆ ಬೀಳುತ್ತದೆ. ಇವುಗಳಲ್ಲಿ ಒಂದನ್ನೂ ಮಗು ಆರಿಸಿಕೊಂಡಿಲ್ಲ. ಜೀನ್ ಅಲ್ಲ ಎಂಬುದರಿಂದ ಆಯ್ಕೆ ಎಂಬುದಕ್ಕೆ ಸೇತುವೆಯೇ ಇಲ್ಲ. ಉತ್ತರಪತ್ರಿಕೆಯಲ್ಲಿ ಈ ವಾಕ್ಯ ತಪ್ಪದೆ ಬರಲಿ.

ಇನ್ನೂ ಒಂದು. ಸ್ವೀಡನ್ನಿನವರು ಕೇಳಿದ್ದು ಸಲಿಂಗದ ಸಂಗಾತಿಗಳು ಇದ್ದರೇ, ಎಷ್ಟು ಮಂದಿ ಎಂದು. ಅದು ನಡೆಯ ಅಳತೆ. ಸುಮಾರು 4,77,000 ಜನರ ಜೀನ್ ಪರಿಶೀಲಿಸಿದ 2019ರ ದೊಡ್ಡ ಅಧ್ಯಯನವೂ ನಡೆಯನ್ನೇ ಕೇಳಿತು. ಅದರಲ್ಲಿ ಐದು ಜೀನ್ ತಾಣಗಳು ಸ್ಪಷ್ಟವಾಗಿ ಸಿಕ್ಕವು. ಪರೀಕ್ಷಿಸಿದ ಎಲ್ಲ ಸಣ್ಣ ವ್ಯತ್ಯಾಸಗಳನ್ನು ಕೂಡಿಸಿದರೂ ಜನರ ನಡುವಿನ ವ್ಯತ್ಯಾಸದಲ್ಲಿ ವಿವರಿಸಲಾದದ್ದು ಶೇ. 8ರಿಂದ 25. ಒಬ್ಬ ವ್ಯಕ್ತಿಯ ಜೀನ್ ನೋಡಿ ಅವನ ಒಲವು ಹೇಳಲು ಇದರಿಂದ ಆಗದು. ನಡೆಯಲ್ಲಿ ಧೈರ್ಯ, ಅವಕಾಶ, ಊರಿನ ಅಂಜಿಕೆ ಎಲ್ಲ ಸೇರಿರುತ್ತವೆ. ಹೀಗಾಗಿ ಈ ಸಂಖ್ಯೆಗಳನ್ನು ಸೆಳೆತದ ಸಂಖ್ಯೆ ಎಂದು ಓದಬಾರದು.

ಅಣ್ಣಂದಿರು ಮತ್ತು ಟಗರು

ಬ್ಲಾಂಚರ್ಡ್ ಮತ್ತು ಬೊಗೆರ್ಟ್ 1996ರಿಂದ ತೋರಿಸುತ್ತ ಬಂದ ಸಂಗತಿ: ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಪ್ರತಿ ಅಣ್ಣನಿಗೆ ತಮ್ಮ ಸಲಿಂಗಿ ಆಗುವ ಸಂಭವ ಸುಮಾರು ಮೂರನೇ ಒಂದರಷ್ಟು ಏರುತ್ತದೆ. 2006ರಲ್ಲಿ ಬೊಗೆರ್ಟ್ ಇದನ್ನು ಇನ್ನೂ ಬಿಗಿಯಾಗಿ ಪರೀಕ್ಷಿಸಿದರು. ಜೊತೆಗೆ ಬೆಳೆದ ದತ್ತು ಅಣ್ಣಂದಿರಿಂದಾಗಲಿ, ಮಲತಾಯಿ ಮಲತಂದೆಯ ಕಡೆಯ ಅಣ್ಣಂದಿರಿಂದಾಗಲಿ ಈ ಪರಿಣಾಮ ಕಾಣಲಿಲ್ಲ. ಒಡಹುಟ್ಟಿದ ಅಣ್ಣ ಮಾತ್ರ, ಬೇರೆ ಮನೆಯಲ್ಲಿ ಬೆಳೆದಿದ್ದರೂ, ಲೆಕ್ಕಕ್ಕೆ ಬಂದ. ಅಂದರೆ ಕಾರಣ ಗರ್ಭದ ಕಡೆಗಿದೆ. 2018ರಲ್ಲಿ, ಅಣ್ಣಂದಿರಿರುವ ಸಲಿಂಗಿ ಗಂಡುಮಕ್ಕಳ ತಾಯಂದಿರ ರಕ್ತದಲ್ಲಿ ಗಂಡು ಭ್ರೂಣದ ಒಂದು ಪ್ರೋಟೀನಿಗೆ ಪ್ರತಿಕಾಯಗಳು ಹೆಚ್ಚು ಕಂಡವು. ಹಾಗೆಂದು ಐದಾರು ಮಂದಿ ಅಣ್ಣತಮ್ಮಂದಿರ ಮನೆ ಕಂಡಲ್ಲೆಲ್ಲ ಬೆರಳು ಮಡಚಬೇಡಿ. ನೂರಕ್ಕೆ 2 ಇದ್ದದ್ದು ಒಬ್ಬ ಅಣ್ಣನಿಂದ 2.6ರ ಆಸುಪಾಸು ಆಗುತ್ತದೆ, ಅಷ್ಟೇ.

ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಟಗರು ಸಾಕುವವರಿಗೆ ಮುಂದಿನದು ಹೊಸದಲ್ಲದಿರಬಹುದು. ಅಮೆರಿಕದಲ್ಲಿ ರೋಸೆಲ್ಲಿ ತಂಡ ಕಂಡಂತೆ ಸುಮಾರು ಶೇ. 8 ಟಗರುಗಳು ಕುರಿ ಎದುರಿಗಿದ್ದರೂ ಟಗರನ್ನೇ ಬಯಸುತ್ತವೆ. ಅವುಗಳ ಮಿದುಳಿನ ಹೈಪೊಥಲಾಮಸ್ ಭಾಗದ ಒಂದು ಕೋಶಗುಚ್ಛ ಉಳಿದ ಟಗರುಗಳದ್ದರ ಅರ್ಧದಷ್ಟು ಎಂದು 2004ರಲ್ಲಿ ವರದಿಯಾಯಿತು. ಟಗರಿನಿಂದ ಮನುಷ್ಯನಿಗೆ ನೇರ ತೀರ್ಮಾನ ಎಳೆಯುವಂತಿಲ್ಲ. ಆದರೆ ಸಹವಾಸ ಕೆಟ್ಟು, ಸಿನಿಮಾ ನೋಡಿ ಹೀಗಾಗುತ್ತದೆ ಎಂಬ ವಾದಕ್ಕೆ ಟಗರು ಒಳ್ಳೆಯ ಉತ್ತರ.

ಬದಲಾಯಿಸಲು ಹೋದವರಿಗೆ ಏನಾಯಿತು

ಆಯ್ಕೆಯಾಗಿದ್ದರೆ ಬೇಡವೆಂದು ಬಿಡಲು ಬರಬೇಕಿತ್ತು. ವಿದ್ಯುತ್ ಆಘಾತ, ವಾಂತಿ ಬರಿಸುವ ಔಷಧಿ, ಪ್ರಾರ್ಥನೆ, ವರ್ಷಗಟ್ಟಲೆ ಮಾತುಕತೆ, ಎಲ್ಲ ಪ್ರಯೋಗ ಆದವು. ಹಾಗೆ ನರಳಿದವರಲ್ಲಿ ಬಹಳ ಮಂದಿ ತಾವೇ ಬದಲಾಗಬೇಕೆಂದು ಹೋದವರು, ಅವರಿಗೆ ಇಚ್ಛೆಯ ಕೊರತೆ ಇರಲಿಲ್ಲ. 2003ರಲ್ಲಿ ಅಮೆರಿಕದ ಮನೋವೈದ್ಯ ಸ್ಪಿಟ್ಜರ್, ಕೆಲವರು ಬದಲಾಗಿದ್ದಾರೆ ಎಂದು ಬರೆದರು. ಆಧಾರ 200 ಮಂದಿಯ ದೂರವಾಣಿ ಸಂದರ್ಶನ, ಅವರ ಸ್ವಂತ ಮಾತು. 2012ರಲ್ಲಿ ಅವರೇ ಸಲಿಂಗಿ ಸಮುದಾಯದ ಕ್ಷಮೆ ಕೇಳಿದರು. ಬದಲಾವಣೆಯ ಭರವಸೆ ಕೊಡುತ್ತಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 2013ರಲ್ಲಿ ಕ್ಷಮೆ ಕೇಳಿ ಬಾಗಿಲು ಹಾಕಿತು.

ಮನಃಶಾಸ್ತ್ರಜ್ಞೆ ಲೀಸಾ ಡೈಮಂಡ್ ಹತ್ತು ವರ್ಷ ಹಿಂಬಾಲಿಸಿದ ಹೆಂಗಸರಲ್ಲಿ ಕೆಲವರ ಸೆಳೆತ ಕಾಲಕ್ಕೆ ತಕ್ಕಂತೆ ಹೊರಳಿತು, ಹಲವರು ಹೆಸರನ್ನೂ ಬದಲಿಸಿದರು. ಇದನ್ನು ಮುಚ್ಚಿಡಬೇಕಾಗಿಲ್ಲ. ತಾನಾಗಿ ಹೊರಳುವುದು ಬೇರೆ, ಬೇಕೆಂದು ಹೊರಳಿಸುವುದು ಬೇರೆ. ಹೊಸ ಸೆಳೆತವೂ ಅವರಿಗೆ ಅರಿವಿಗೆ ಬಂದದ್ದೇ ಹೊರತು ತೀರ್ಮಾನಿಸಿ ತಂದುಕೊಂಡದ್ದಲ್ಲ.

ರೋಗ, ಕಾನೂನು

ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಸಲಿಂಗದ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದವು. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ತೀರ್ಪಿನಲ್ಲಿ, ಒಪ್ಪಿಗೆಯಿಂದ ಕೂಡಿದ ವಯಸ್ಕರ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು. ಒಲವು ಸಹಜವೆಂದ ತೀರ್ಪು ಅಷ್ಟಕ್ಕೇ ನಿಲ್ಲದೆ ಘನತೆ ಮತ್ತು ಖಾಸಗಿತನದ ಮೇಲೂ ನಿಂತಿದೆ. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಧರ್ಮವನ್ನು ಬದಲಿಸಬಹುದು, ಆದರೂ ಸಂವಿಧಾನದ 25ನೇ ವಿಧಿ ಅದನ್ನು ಕಾಯುತ್ತದೆ. ಹಾಗಿರುವಾಗ ಹುಟ್ಟಿನಿಂದ ಬಂದದ್ದೆಂದು ಪ್ರಯೋಗಾಲಯದಲ್ಲಿ ಸಾಬೀತು ಮಾಡಿದ ಮೇಲೆಯೇ ಗೌರವ ಕೊಡುತ್ತೇವೆ ಎನ್ನುವುದು ಅನ್ಯಾಯ.

ಆ ತಾಯಿಗೆ ಏನು ಹೇಳುವುದು

ನಮ್ಮೂರುಗಳಲ್ಲಿ ಈ ಮಾತಿನ ಹಿಂದೆಯೇ ಬರುವುದು "ಲಗ್ನ ಮಾಡಿದ್ರ ಎಲ್ಲಾ ಸರಿ ಹೋಗ್ತದ" ಎಂಬ ಸಲಹೆ. ಲಗ್ನದಿಂದ ನಡೆ ಬದಲಾದೀತು, ಸೆಳೆತ ಬದಲಾಗುವುದಿಲ್ಲ. ಏನೂ ತಿಳಿಯದೆ ಮನೆಗೆ ಬಂದ ಸೊಸೆಯ ಬಾಳು ಕೂಡ ಅದರೊಳಗೆ ಸಿಕ್ಕಿಬೀಳುತ್ತದೆ. ಆ ಸಲಹೆ ಕೇಳಿ ಸುಮ್ಮನಿರಬೇಡಿ, ಬೇಡ ಎಂದು ಬಾಯಿಬಿಟ್ಟು ಹೇಳಿ. ಹುಡುಗ ಬೇಕೆಂದು ಮಾಡುತ್ತಿಲ್ಲ, ನೀವು ಬೆಳೆಸಿದ್ದರಲ್ಲೂ ತಪ್ಪಿಲ್ಲ, ಇದು ರೋಗವಲ್ಲ, ಈ ಮೂರನ್ನೂ ಮೊದಲ ಭೇಟಿಯಲ್ಲೇ ಹೇಳಿ. ಅವನು ನಮ್ಮ ಹತ್ತಿರ ಹೇಳಿಕೊಂಡದ್ದನ್ನು ಅವನ ಒಪ್ಪಿಗೆ ಇಲ್ಲದೆ ಮನೆಯವರಿಗೆ ಒಪ್ಪಿಸುವಂತಿಲ್ಲ. ಬದಲಾಯಿಸಿಕೊಡುತ್ತೇನೆ ಎನ್ನುವ ವೈದ್ಯರ ಬಳಿ ಕರೆದೊಯ್ಯುತ್ತೇವೆ ಎಂದರೆ, ಅಂಥ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಘೋಷಿಸಿದೆ ಎಂದು ತಿಳಿಸಿ. ಹುಡುಗ ಊಟ ಬಿಟ್ಟಿದ್ದರೆ, ಸಾಯುವ ಮಾತಾಡಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಬರೆದು ಇಬ್ಬರ ಕೈಗೂ ಕೊಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.